ಕುರಿ ಫಾರ್ಮ್‌ನಲ್ಲಿ ಅಣುಬಾಂಬ್? ಓಂ ಶಿನ್ರಿಕ್ಯೋ ಸುತ್ತಲಿನ ಅಂತೆ-ಕಂತೆ

[ತೆರೆಯ ಮೇಲೆ: ಪಶ್ಚಿಮ ಆಸ್ಟ್ರೇಲಿಯಾದ ನಕ್ಷೆ, ಖಾಲಿ ಜಾಗದಲ್ಲಿ ಒಂದೇ ಕೆಂಪು ಚುಕ್ಕೆ]

1993ರ ಮೇ 28. ರಾತ್ರಿ ಹನ್ನೊಂದು ದಾಟಿತ್ತು. ಪಶ್ಚಿಮ ಆಸ್ಟ್ರೇಲಿಯಾದ ಬರಡು ಬಯಲಲ್ಲಿ ನೆಲ ನಡುಗಿತು. ಆಕಾಶದಲ್ಲಿ ಬೆಂಕಿಯುಂಡೆ ನೋಡಿದ್ವಿ ಅಂತಲೂ ಕೆಲವರು ಹೇಳಿದರು. ಜನ ವಿರಳವಾದ ಜಾಗ. ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ.

ಎರಡು ವರ್ಷ ಆದ ಮೇಲೆ ಆ ನಡುಕಕ್ಕೆ ಮತ್ತೆ ಜೀವ ಬಂತು. ಯಾಕಂದ್ರೆ ಅದೇ ಭಾಗದ ಬಂಜಾವಾರ್ನ್ ಅನ್ನೋ ಲಕ್ಷಗಟ್ಟಲೆ ಎಕರೆಯ ಕುರಿ ಫಾರ್ಮನ್ನು ಅದೇ ವರ್ಷ ಕೊಂಡಿದ್ದು ಜಪಾನಿನ ಓಂ ಶಿನ್ರಿಕ್ಯೋ ಪಂಥ. 1995ರ ಮಾರ್ಚ್ 20ರ ಬೆಳಗ್ಗೆ ಟೋಕಿಯೋ ಸಬ್‌ವೇಯ 5 ರೈಲುಗಳಲ್ಲಿ, ಪೇಪರ್ ಸುತ್ತಿದ ಪ್ಲಾಸ್ಟಿಕ್ ಚೀಲಗಳನ್ನು ಛತ್ರಿಯ ಚೂಪು ತುದಿಯಿಂದ ಚುಚ್ಚಿ ಸರಿನ್ ವಿಷ ಹರಡಿದರಲ್ಲ, ಅವರೇ. ಸತ್ತವರು 14 ಜನ. ಹದಿನಾಲ್ಕನೆಯವರು 25 ವರ್ಷ ಹಾಸಿಗೆ ಹಿಡಿದು 2020ರಲ್ಲಿ ತೀರಿಕೊಂಡರು.

ಇಂಥವರ ಕೈಲಿ ಮರುಭೂಮಿ ಇದ್ದರೆ ಅಲ್ಲಿ ಏನು ಮಾಡಿರಬಹುದು? ಅಣುಬಾಂಬ್ ಸಿಡಿಸಿದರಂತೆ. ಇಲ್ಲ ಇಲ್ಲ, ವಿಜ್ಞಾನಿ ನಿಕೋಲಾ ಟೆಸ್ಲಾ ಕನಸು ಕಂಡ ಭೂಕಂಪದ ಯಂತ್ರವಂತೆ! ಪೂರಾ ಗಾಳಿಗೋಪುರ ಅಂತ ತಳ್ಳಿಹಾಕೋಕೂ ಆಗಲ್ಲ. ಪಂಥದವರು ಬೆಲ್‌ಗ್ರೇಡ್‌ನ ಟೆಸ್ಲಾ ಮ್ಯೂಸಿಯಂಗೆ ಹೋಗಿದ್ದು ನಿಜ. ಯುರೇನಿಯಂ ಮೇಲೆ ಕಣ್ಣಿಟ್ಟಿದ್ದೂ ನಿಜ.

[ತೆರೆಯ ಮೇಲೆ: ಭೂಕಂಪಮಾಪಕದ ಗೆರೆಗಳು]

ಅಮೆರಿಕದ ಸೆನೆಟ್ ಸಮಿತಿಯೊಂದು ತನಿಖೆ ಮಾಡಿತು. ಭೂಕಂಪಶಾಸ್ತ್ರಜ್ಞರು ಆ ರಾತ್ರಿಯ ದಾಖಲೆ ತೆಗೆದು ನೋಡಿದರು. ನೆಲದಡಿ ಸ್ಫೋಟ ಆದಾಗ ಅದು ಎಲ್ಲ ದಿಕ್ಕಿಗೂ ಒಂದೇ ಸಲ ತಳ್ಳುತ್ತೆ. ಮೊದಲ ಅಲೆ ಜೋರು, ಹಿಂದೆ ಬರೋ ಅಡ್ಡ ಅಲೆ ಸಪ್ಪೆ. ಭೂಕಂಪದಲ್ಲಿ ಬಂಡೆ ಜಾರುತ್ತೆ, ಅಡ್ಡ ಅಲೆಗೆ ಬಲ ಜಾಸ್ತಿ. ಈ ಗೆರೆಗಳಲ್ಲಿ ಬಾಂಬಿನ ಗುರುತು ಸಿಗಲಿಲ್ಲ. ಸಣ್ಣ ಭೂಕಂಪ, ಇಲ್ಲವೇ ಉಲ್ಕೆ. ಆದರೆ ಉಲ್ಕೆ ಬಿದ್ದ ಕುಳಿಯೂ ಸಿಕ್ಕಿಲ್ಲ.

ಆ ಫಾರ್ಮ್‌ನಲ್ಲಿ ಸಿಕ್ಕಿದ್ದು ಬೇರೆ: ಸತ್ತ ಕುರಿಗಳು. ಅವುಗಳ ಉಣ್ಣೆಯಲ್ಲಿ, ಮಣ್ಣಿನಲ್ಲಿ ಸರಿನ್ ಒಡೆದಾಗ ಉಳಿಯೋ ರಾಸಾಯನಿಕದ ಅಂಶ. ಪಂಥದವರು ಪರ್ತ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸಾಮಾನಿನಲ್ಲಿ ಆಸಿಡ್ ಇತ್ತು, ಮೇಲೆ ಹ್ಯಾಂಡ್ ಸೋಪ್ ಅಂತ ಚೀಟಿ! ಇಬ್ಬರಿಗೆ ದಂಡ ಹಾಕಿ ಬಿಟ್ಟರು. ನನಗೆ ಮೈ ಜುಮ್ಮೆನ್ನೋದು ಆ ಚೀಟಿ ನೆನೆದಾಗ. ಬಾಂಬ್ ಕತೆಯ ಗದ್ದಲದಲ್ಲಿ ಅದನ್ನು ಕೇಳೋರೇ ಇಲ್ಲ.

ಅಂತೆ-ಕಂತೆ ಮರುಭೂಮಿಯಲ್ಲೇ ಇದ್ದಿದ್ದರೆ ನಕ್ಕು ಬಿಡಬಹುದಿತ್ತು. 1994ರ ಜೂನ್‌ನಲ್ಲಿ ಇದೇ ಪಂಥ ಮಾತ್ಸುಮೋಟೋ ಊರಿನಲ್ಲಿ ಸರಿನ್ ಬಿಟ್ಟು 8 ಜನರನ್ನು ಕೊಂದಿತು. ಅನುಮಾನ ಬಿದ್ದಿದ್ದು ಯಾರ ಮೇಲೆ? ಮೊದಲು ಫೋನ್ ಮಾಡಿ ಸುದ್ದಿ ಕೊಟ್ಟ, ವಿಷ ಬಿಟ್ಟ ಜಾಗದ ಪಕ್ಕದ ಮನೆಯವರ ಮೇಲೆ. ಅವರ ಮನೆಯಲ್ಲಿ ಫೋಟೋ ತೊಳೆಯೋ ರಾಸಾಯನಿಕ ಸಿಕ್ಕಿತು, ಅಷ್ಟು ಸಾಕಾಯ್ತು. ಪೇಪರ್‌ನವರು ಬರೆದದ್ದೇ ಬರೆದದ್ದು. ಅವರ ಹೆಂಡತಿ ಅದೇ ವಿಷಕ್ಕೆ ಸಿಕ್ಕಿ ಪ್ರಜ್ಞೆಯಿಲ್ಲದೆ ಮಲಗಿದ್ದರು, 2008ರಲ್ಲಿ ತೀರಿಕೊಂಡರು. ಪೊಲೀಸರು, ಪತ್ರಿಕೆಗಳು ಕ್ಷಮೆ ಕೇಳಿದ್ದು ಟೋಕಿಯೋ ದಾಳಿ ಆದ ಮೇಲೆ.

[ತೆರೆಯ ಮೇಲೆ: 1995ರ ಮಾರ್ಚ್ 30]

ಸಬ್‌ವೇ ದಾಳಿಯಾದ ಹತ್ತೇ ದಿನಕ್ಕೆ ಜಪಾನಿನ ರಾಷ್ಟ್ರೀಯ ಪೊಲೀಸ್ ಏಜೆನ್ಸಿಯ ಮುಖ್ಯಸ್ಥ ಕುನಿಮಾತ್ಸು ಅವರ ಮೇಲೆ ಮನೆ ಮುಂದೆಯೇ ಗುಂಡು ಹಾರಿತು. ಬದುಕಿ ಉಳಿದರು. ಪಂಥದ ಸದಸ್ಯನಾಗಿದ್ದ ಪೊಲೀಸ್ ಪೇದೆಯೊಬ್ಬ "ನಾನೇ ಹೊಡೆದೆ, ಪಿಸ್ತೂಲನ್ನು ಕಂದಾ ನದಿಗೆ ಎಸೆದೆ" ಅಂದ. ಮುಳುಗುಗಾರರು ನದಿ ಜಾಲಾಡಿದರು, ಪಿಸ್ತೂಲು ಸಿಗಲಿಲ್ಲ. ಅವನ ಹೇಳಿಕೆಯೂ ಬದಲಾಗುತ್ತಾ ಹೋಯಿತು.

2010ಕ್ಕೆ ಕೇಸು ಹಾಕೋಕೆ ಕಾನೂನು ಕೊಟ್ಟ ಕಾಲಮಿತಿ ಮುಗಿಯಿತು. ಅದೇ ದಿನ ಟೋಕಿಯೋ ಪೊಲೀಸರು ಪತ್ರಿಕಾಗೋಷ್ಠಿ ಕರೆದು, ಇದು ಓಂನವರದೇ ಕೆಲಸ ಅಂದರು. ಚಾರ್ಜ್‌ಶೀಟೂ ಇಲ್ಲ, ತೀರ್ಪೂ ಇಲ್ಲ! ಅಷ್ಟೊತ್ತಿಗೆ ಆಲೆಫ್ ಅಂತ ಹೆಸರು ಬದಲಿಸಿಕೊಂಡಿದ್ದ ಪಂಥ ಕೋರ್ಟಿಗೆ ಹೋಯಿತು. 2013ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಪೊಲೀಸರು ಮಾಡಿದ್ದು ಮಾನಹಾನಿ ಅಂತ ಹೇಳಿ, ಟೋಕಿಯೋ ಸರ್ಕಾರ 10 ಲಕ್ಷ ಯೆನ್ ಕೊಡಬೇಕು ಅಂದಿತು.

2018ರ ಜುಲೈನಲ್ಲಿ ಗುರು ಅಸಹಾರ ಸೇರಿ 13 ಜನರನ್ನು ಗಲ್ಲಿಗೇರಿಸಿದರು. ಅವರಲ್ಲಿ ಯಾರಿಗೂ ಕುನಿಮಾತ್ಸು ಕೇಸಿನಲ್ಲಿ ಶಿಕ್ಷೆ ಆಗಿರಲಿಲ್ಲ. ಆ ಪಿಸ್ತೂಲು ಇನ್ನೂ ಸಿಕ್ಕಿಲ್ಲ.