ಸಂತೆ ಮುಗಿದ ಮೇಲೆ ಅಸಲು ಎಷ್ಟು ಅಂತ ಕೇಳಿ

ನಮಸ್ಕಾರ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತಲ್ಲ, ಕೆಲವು ಕಡೆ ಮೆಟ್ರಿಕ್ ಮೇಳ ಅಂತಲೂ ಕರೀತಾರೆ, ಇವತ್ತಿನ ಮಾತು ಅಲ್ಲಿಂದ ಶುರು. ಅಂಗಳದಲ್ಲಿ ಗೋಣಿಚೀಲ ಹಾಸಿರುತ್ತೆ. ಮೆಂತ್ಯ ಸೊಪ್ಪು, ನುಗ್ಗೆಕಾಯಿ, ನಿಂಬೆಹಣ್ಣು, ಒಂದು ಮೂಲೆಯಲ್ಲಿ ಮಜ್ಜಿಗೆ, ಇನ್ನೊಂದು ಮೂಲೆಯಲ್ಲಿ ಚುರುಮುರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಟೇಪು ಕತ್ತರಿಸ್ತಾರೆ, ಮಕ್ಕಳು ಗಂಟಲು ಹರಿಯೋ ಹಾಗೆ ಕೂಗ್ತಾರೆ. ಮಧ್ಯಾಹ್ನ ಮೇಷ್ಟ್ರು ಕೇಳ್ತಾರೆ, "ಎಷ್ಟಾಯ್ತೋ?" ಹುಡುಗ ಹೇಳ್ತಾನೆ, "ಇನ್ನೂರೈವತ್ತು ಸಾರ್." ಎಲ್ಲರೂ ಚಪ್ಪಾಳೆ ತಟ್ತಾರೆ.

ನನ್ನ ತಕರಾರು ಆ ಚಪ್ಪಾಳೆ ಬಗ್ಗೆ. ಇನ್ನೂರೈವತ್ತು ಅನ್ನೋದು ವ್ಯಾಪಾರ. ಲಾಭ ಎಷ್ಟು ಅಂತ ಯಾರೂ ಕೇಳಲಿಲ್ಲ. ಕೇಳದೇ ಇದ್ರೆ ಆ ಹುಡುಗನ ತಲೆಯಲ್ಲಿ ಕೈಗೆ ಬಂದ ದುಡ್ಡೆಲ್ಲ ತನ್ನದೇ ಅಂತ ಕೂತುಬಿಡುತ್ತೆ. ದೊಡ್ಡವರಾದ ಮೇಲೂ ಗಲ್ಲಾಪೆಟ್ಟಿಗೆಯ ದುಡ್ಡನ್ನ ಮನೆಖರ್ಚಿಗೆ ಎತ್ತಿಕೊಂಡು, ಅಂಗಡಿಗೆ ಸಾಮಾನು ತರೋಕೆ ಸಾಲ ಮಾಡೋರು ಇದೇ ಲೆಕ್ಕ ತಪ್ಪಿದವರು.

ಲೆಕ್ಕ ಹಾಕೋಣ. ಹುಡುಗ 20 ಕಟ್ಟು ಮೆಂತ್ಯ ಸೊಪ್ಪು ತಂದಿದ್ದ. ಕಟ್ಟಿಗೆ 8 ರೂಪಾಯಿ ಅಂದ್ರೆ 160. ಆಟೋದಲ್ಲಿ ಅವನ ಪಾಲು 20, ಚೀಲಕ್ಕೆ 10. ಒಟ್ಟು ಅಸಲು 190. ಬೆಳಿಗ್ಗೆ 15ರಂತೆ 14 ಕಟ್ಟು ಹೋಯ್ತು, 210 ಬಂತು. ಬಿಸಿಲು ಏರಿದ ಮೇಲೆ ಸೊಪ್ಪು ಜೋತುಬಿತ್ತು, 10 ರೂಪಾಯಿಗೆ ಇಳಿಸಿ 4 ಕಟ್ಟು ಮಾರಿದ, 40 ಬಂತು. ಉಳಿದ ಎರಡು ಕಟ್ಟು ಬಾಡಿ ಹೋದವು. ವ್ಯಾಪಾರ 250, ಅಸಲು 190, ಲಾಭ 60. ಎಲ್ಲವೂ 15ಕ್ಕೇ ಹೋಗಿದ್ರೆ ಲಾಭ 110 ಆಗ್ತಿತ್ತು. ಈ 50 ರೂಪಾಯಿ ಎಲ್ಲಿ ಹೋಯ್ತು? ಇಪ್ಪತ್ತು ಇಳಿಸಿದ ಬೆಲೆಯಲ್ಲಿ, ಮೂವತ್ತು ಬಾಡಿದ ಕಟ್ಟಿನಲ್ಲಿ. ಒದ್ದೆ ಗೋಣಿ ಹೊದಿಸಿದ್ರೆ ಉಳೀತಿತ್ತಾ? ಹದಿನಾರೇ ಕಟ್ಟು ತಂದಿದ್ರೆ? ಸಂತೆಯ ಪಾಠ ಇರೋದೇ ಈ ಪ್ರಶ್ನೆಗಳಲ್ಲಿ. ಇದನ್ನ ಕೇಳೋಕೆ ಮಾರನೇ ದಿನ ಒಂದು ಪೀರಿಯಡ್ ಬೇಕು. ಬಹಳ ಶಾಲೆಗಳಲ್ಲಿ ಮಾರನೇ ದಿನ ಫೋಟೋ ವಾಟ್ಸಾಪಿಗೆ ಹೋಗುತ್ತೆ, ಅಲ್ಲಿಗೆ ಮುಗೀತು.

ಸಂತೆ ನಡೆಸೋ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಕೆಲವು ಮಾತು. ಹಿಂದಿನ ದಿನವೇ ಪ್ರತಿ ಮಗು ಅಸಲು ಚೀಟಿ ತರಬೇಕು: ಏನು, ಎಷ್ಟು, ಎಷ್ಟಕ್ಕೆ ಕೊಂಡಿದ್ದು. ಮನೆ ಹಿತ್ತಲಿನ ನುಗ್ಗೆಕಾಯಿ ಆದ್ರೆ ಅಸಲು ಸೊನ್ನೆ ಅಂತ ಬರೆಸಬೇಡಿ. ಅದನ್ನೇ ಊರ ಸಂತೆಯ ವ್ಯಾಪಾರಿಗೆ ಹಾಕಿದ್ರೆ ಎಷ್ಟು ಕೊಡ್ತಿದ್ದರೋ ಅದನ್ನ ಬರೆಸಿ. ಅಮ್ಮ ನೀರು ಹಾಕಿ ಬೆಳೆಸಿದ್ದು ಪುಕ್ಕಟೆ ಅಲ್ಲ ಅಂತ ಮಗುವಿಗೆ ಗೊತ್ತಾಗಲಿ.

ಆಮೇಲೆ ಚಿಲ್ಲರೆ. ಅರ್ಧ ಗಲಾಟೆ ಆಗೋದೇ ಚಿಲ್ಲರೆ ಇಲ್ಲದೆ. ಪ್ರತಿ ಅಂಗಡಿಗೆ 50 ರೂಪಾಯಿ ಚಿಲ್ಲರೆ ಕೊಡಿ: 1 ರೂಪಾಯಿಯ ಹತ್ತು, 2ರ ಐದು, 5ರ ನಾಲ್ಕು, 10ರ ಒಂದು. ಸಂತೆ ಮುಗಿದ ಕೂಡಲೇ ಮೊದಲು ಆ 50 ವಾಪಸ್ ತಗೊಳ್ಳಿ, ಉಳಿದದ್ದನ್ನ ಆಮೇಲೆ ಎಣಿಸಲಿ. ಇಲ್ಲದಿದ್ರೆ ನೀವು ಕೊಟ್ಟ ಚಿಲ್ಲರೆಯನ್ನೂ ಮಕ್ಕಳು ವ್ಯಾಪಾರಕ್ಕೇ ಸೇರಿಸಿಬಿಡ್ತಾರೆ.

ಚಿಲ್ಲರೆ ವಾಪಸ್ ಕೊಡೋ ರೀತಿಯನ್ನೂ ಕಲಿಸಬೇಕು. ಪುಸ್ತಕದಲ್ಲಿ ನಾವು ಐವತ್ತರಲ್ಲಿ ಮೂವತ್ತೈದು ಕಳೆ, ದಶಕ ತಗೋ ಅಂತೀವಿ. ಅಂಗಡಿಯವರು ಹಾಗೆ ಮಾಡಲ್ಲ, ಬೆಲೆಯಿಂದ ಮೇಲಕ್ಕೆ ಎಣಿಸ್ತಾರೆ. "ಮೂವತ್ತೈದು" ಅಂತ ಸಾಮಾನು ಕೊಡ್ತಾರೆ, 5ರ ನಾಣ್ಯ ಇಟ್ಟು "ನಲವತ್ತು", 10ರ ನೋಟು ಇಟ್ಟು "ಐವತ್ತು". ಕೊಡೋರಿಗೂ ತಗೊಳ್ಳೋರಿಗೂ ಒಟ್ಟಿಗೇ ತಾಳೆ ಆಗುತ್ತೆ. ಮೂರನೇ ತರಗತಿ ಮಗು ಎರಡು ದಿನದಲ್ಲಿ ಕಲಿಯುತ್ತೆ. ಮತ್ತೆ, ಗಿರಾಕಿ ಕೊಟ್ಟ ನೋಟನ್ನ ಚಿಲ್ಲರೆ ಕೊಟ್ಟು ಮುಗಿಯೋವರೆಗೂ ಡಬ್ಬಿಗೆ ಹಾಕಬಾರದು, ಕಣ್ಣೆದುರೇ ಇರಬೇಕು. ಇಲ್ಲದಿದ್ರೆ ನಾನು ಕೊಟ್ಟಿದ್ದು ನೂರು, ಐವತ್ತಲ್ಲ ಅನ್ನೋ ಜಗಳ ತಪ್ಪಿದ್ದಲ್ಲ.

ಅಪ್ಪನ ಕ್ಯೂಆರ್ ಕೋಡ್ ತಂದು ಅಂಟಿಸೋದು ಬೇಡ. ಅಪ್ಪನ ಫೋನಿಗೆ ದುಡ್ಡು ಬಂತೋ ಇಲ್ವೋ ಗೋಣಿಚೀಲದ ಹಿಂದೆ ಕೂತ ಮಗುವಿಗೆ ಗೊತ್ತಾಗಲ್ಲ. ಅವತ್ತೊಂದು ದಿನ ನಗದೇ ಇರಲಿ. ಇನ್ನು ಅಪ್ಪ ಅಮ್ಮಂದಿರಿಗೆ ಮೊದಲೇ ಹೇಳಿಬಿಡಿ: ಸ್ವಂತ ಮಗುವಿನ ಹತ್ತಿರ ಕೊಳ್ಳೋ ಹಾಗಿಲ್ಲ. ಪ್ರೀತಿಗೆ ಹತ್ತು ರೂಪಾಯಿ ಸೊಪ್ಪಿಗೆ ಐವತ್ತು ಕೊಟ್ಟು ಇಟ್ಕೋ ಅನ್ನೋರು ಮಗುವಿನ ಲೆಕ್ಕವನ್ನೇ ಕೆಡಿಸ್ತಾರೆ. ಪಕ್ಕದಲ್ಲಿ ಕೂತ, ಅಂಥ ಅಪ್ಪ ಇಲ್ಲದ ಮಗುವಿನ ಮುಖವನ್ನೂ ಒಮ್ಮೆ ನೋಡಿ.

ಇದು ವರ್ಷಕ್ಕೊಂದು ದಿನ. ಉಳಿದ ದಿನಗಳು ಮನೆಯವು.

ಒಂದು ಎರಡನೇ ತರಗತಿ ಮಕ್ಕಳಿಗೆ ಉಳಿತಾಯದ ಭಾಷಣ ಬೇಡ, ನೋಟು ಕೈಗೆ ಕೊಡಿ. 50ರ ಹೊಸ ನೋಟಿನ ಹಿಂದೆ ನಮ್ಮ ಹಂಪಿಯ ಕಲ್ಲಿನ ರಥ ಇದೆ, ಹುಡುಕಲಿ. ನೋಟಿನ ಹಿಂಭಾಗದಲ್ಲಿ 15 ಭಾಷೆಗಳ ಪಟ್ಟಿ ಇದೆ, ಮೇಲಿನಿಂದ ನಾಲ್ಕನೇ ಸಾಲು ಕನ್ನಡ. ಬೆಲೆಯನ್ನ ಮಗು ಅಲ್ಲೇ ಓದಿಕೊಳ್ಳುತ್ತೆ. 10ರ ನಾಣ್ಯ ಕೊಟ್ಟು ಕಳಿಸಿದ್ರೆ ಕೆಲವು ಅಂಗಡಿಯಲ್ಲಿ ನಡೆಯಲ್ಲ ಅಂತ ವಾಪಸ್ ಕಳಿಸ್ತಾರೆ. ಬೇರೆ ಬೇರೆ ವಿನ್ಯಾಸದ 14 ಬಗೆಯ 10 ರೂಪಾಯಿ ನಾಣ್ಯಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಇದನ್ನ ಮಗುವಿಗಿಂತ ಮೊದಲು ಅಂಗಡಿಯವರಿಗೆ ಕಲಿಸಬೇಕೇನೋ!

ಈಗಿನ ಮಕ್ಕಳಿಗೆ ದುಡ್ಡು ಕಾಣೋದೇ ಇಲ್ಲ. ಫೋನ್ ತೋರಿಸಿದ್ರೆ ಚಾಕೊಲೇಟ್ ಬರುತ್ತೆ, ಅಷ್ಟೇ. ಅದಕ್ಕೆ ನನ್ನ ಸಲಹೆ ಇದು: ಮಗುವಿನ ಜೊತೆ ಹೋದಾಗ 100 ರೂಪಾಯಿ ಒಳಗಿನದ್ದೆಲ್ಲ ನಗದಿನಲ್ಲೇ ಕೊಳ್ಳಿ. ಪರ್ಸು ತೆಳ್ಳಗಾಗೋದು ಕಣ್ಣಿಗೆ ಬೀಳಬೇಕು.

ಕೈಖರ್ಚಿನ ದುಡ್ಡು ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದು ದೊಡ್ಡದು. ವಾರಕ್ಕೆ ಇಪ್ಪತ್ತೋ ಮೂವತ್ತೋ, ನಿಮ್ಮ ಕೈಲಾದಷ್ಟು, ಆದ್ರೆ ಪ್ರತಿ ವಾರ ಅದೇ ದಿನ, ಅದೇ ಮೊತ್ತ. ಕೆಡೋದು ಮೂರು ಕಡೆ. ಬುಧವಾರವೇ ಖಾಲಿ ಮಾಡಿ ಅತ್ರೆ ಅಜ್ಜಿ ಗುಟ್ಟಾಗಿ ಹತ್ತು ರೂಪಾಯಿ ಕೊಡ್ತಾರೆ, ಭಾನುವಾರದವರೆಗೆ ಕಾಯೋ ಪಾಠ ಅಲ್ಲಿಗೆ ಹೋಯ್ತು. ಪರೀಕ್ಷೆ ಅಂಕಕ್ಕೆ ದುಡ್ಡು ಕಟ್ಟಿದ್ರೆ ಮಗು ಓದನ್ನೂ ಚೌಕಾಸಿಗೆ ತರುತ್ತೆ. ತಪ್ಪು ಮಾಡಿದ್ದಕ್ಕೆ ಕಡಿತ ಮಾಡಿದ್ರೆ ಅದು ದಂಡ ಆಗುತ್ತೆ, ದಂಡ ಕಟ್ಟಿದೆನಲ್ಲ ಅಂತ ಮಗು ಅದೇ ತಪ್ಪನ್ನ ಮತ್ತೆ ಮಾಡುತ್ತೆ.

ಹುಂಡಿ ವಿಷಯಕ್ಕೆ ಬರ್ತೀನಿ. ಮಣ್ಣಿನ ಹುಂಡಿ ಚೆಂದ, ಜಾತ್ರೆಯಲ್ಲಿ ತರ್ತೀವಿ, ತುಂಬಿದ ಮೇಲೆ ಒಡೀತೀವಿ. ಆದ್ರೆ ಹುಂಡಿ ಕಲಿಸೋದು ಕಾಯೋದನ್ನ ಮಾತ್ರ. ಎಷ್ಟಿದೆ, ಯಾವುದಕ್ಕೆ, ಇನ್ನೆಷ್ಟು ಬೇಕು ಅನ್ನೋದು ಮುಚ್ಚಿದ ಹುಂಡಿಯಲ್ಲಿ ತಿಳಿಯಲ್ಲ. ಪಾರದರ್ಶಕ ಡಬ್ಬಿ ಮೇಲು. ಮೇಲೊಂದು ಚೀಟಿ: "ಕೇರಂ ಬೋರ್ಡ್, 600 ರೂಪಾಯಿ." ವಾರಕ್ಕೆ 20 ಹಾಕಿದ್ರೆ 30 ವಾರ. ಏಳು ವರ್ಷದ ಮಗುವಿಗೆ 30 ವಾರ ಅಂದ್ರೆ ಒಂದು ಯುಗ, ಖಂಡಿತ ನಡುವೆ ಕೈಬಿಡುತ್ತೆ. ಮೊದಲ ಗುರಿ ನಾಲ್ಕೈದು ವಾರದಲ್ಲಿ ಮುಟ್ಟುವಂಥದ್ದಿರಲಿ: ನೂರು ರೂಪಾಯಿ ಬಣ್ಣದ ಪೆನ್ಸಿಲ್ ಡಬ್ಬಿ ಸಾಕು.

ಮಕ್ಕಳ ಉಳಿತಾಯ ಕೆಡೋ ಮುಖ್ಯ ಕಾರಣ ಮಕ್ಕಳಲ್ಲ, ನಾವು. ತಿಂಗಳ ಕೊನೆ, ಗ್ಯಾಸ್ ಖಾಲಿ, ಮಗುವಿನ ಡಬ್ಬಿಗೆ ಕೈ ಹಾಕ್ತೀವಿ. ಹಾಕಬಾರದು ಅಂತ ಹೇಳಲ್ಲ, ಮನೆ ಅಂದ ಮೇಲೆ ಇದ್ದದ್ದೇ. ಆದ್ರೆ ಕೇಳಿ ತಗೊಳ್ಳಿ, ಚೀಟಿ ಬರೆದಿಡಿ: "ಅಪ್ಪ 200 ತಗೊಂಡಿದ್ದಾರೆ, 5ನೇ ತಾರೀಖು ವಾಪಸ್." ಅವತ್ತೇ ಹಾಕಿ. ತಪ್ಪಿದ್ರೆ, ಕೂಡಿಟ್ಟದ್ದು ಹೇಗಿದ್ರೂ ಹೋಗುತ್ತೆ, ಸಿಕ್ಕಾಗಲೇ ತಿಂದುಬಿಡೋದು ಮೇಲು ಅಂತ ಮಗು ತೀರ್ಮಾನ ಮಾಡುತ್ತೆ. ಅದರ ಲೆಕ್ಕ ತಪ್ಪಲ್ಲ.

ಬ್ಯಾಂಕ್ ಖಾತೆ ಬಗ್ಗೆ ಚುಟುಕಾಗಿ. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಸೂಚನೆ ಪ್ರಕಾರ, ಯಾವ ವಯಸ್ಸಿನ ಮಗುವಿನ ಹೆಸರಲ್ಲೂ ಪೋಷಕರ ಮೂಲಕ ಖಾತೆ ತೆರೆಯಬಹುದು, ತಾಯಿಯೂ ಪೋಷಕರಾಗಬಹುದು. 10 ವರ್ಷ ತುಂಬಿದವರು ಬ್ಯಾಂಕ್ ಹಾಕೋ ಮಿತಿಯೊಳಗೆ ತಾವೇ ಖಾತೆ ನಡೆಸಬಹುದು. ಹೆಣ್ಣುಮಗುವಿಗೆ 10 ವರ್ಷ ತುಂಬೋದರೊಳಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು, ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಬೇಕು, 15 ವರ್ಷ. ಒಂದು ವರ್ಷ ಮರೆತ್ರೆ 50 ರೂಪಾಯಿ ದಂಡ. ಖಾತೆ ತೆರೆದು ಪಾಸ್‌ಬುಕ್ಕನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ರೆ ಮಗು ಕಲಿಯೋದು ಏನೂ ಇಲ್ಲ. ಮೂರು ತಿಂಗಳಿಗೊಮ್ಮೆ ಕರ್ಕೊಂಡು ಹೋಗಿ ಎಂಟ್ರಿ ಹಾಕಿಸಿ, ಚಲನ್ ಮಗುವೇ ಬರೀಲಿ. ತಪ್ಪಾದ್ರೆ ಇನ್ನೊಂದು ಚಲನ್, ಅಷ್ಟೇ.

ಇನ್ನು ಮನೆಯ ಹಣಕಾಸಿಗೆ ಮಗು ನೆರವಾಗೋದು ಹೇಗೆ? ದುಡಿದು ಅಲ್ಲ. 14 ವರ್ಷದೊಳಗಿನವರನ್ನ ಕೆಲಸಕ್ಕಿಡೋದನ್ನ ಕಾನೂನು ನಿಷೇಧಿಸುತ್ತೆ. 1986ರ ಕಾಯ್ದೆಗೆ 2016ರಲ್ಲಾದ ತಿದ್ದುಪಡಿ ಪ್ರಕಾರ ಮನೆಯವರ ಸ್ವಂತ ಅಂಗಡಿ, ಹೊಲದಲ್ಲಿ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಕೈಜೋಡಿಸಬಹುದು. ಅದೂ ಅಪಾಯದ ಕೆಲಸ ಆಗಿರಬಾರದು, ಓದಿಗೆ ಅಡ್ಡಿ ಬರಬಾರದು.

ಮಗುವಿನ ಕಣ್ಣನ್ನ ಬಳಸಿಕೊಳ್ಳಿ. ಕರೆಂಟ್ ಮೀಟರ್ ಓದೋದು ನಾಲ್ಕನೇ ತರಗತಿ ಮಗುವಿಗೆ ಆಗೋ ಕೆಲಸ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಇಷ್ಟು ಯೂನಿಟ್ ಉಚಿತ ಅಂತ ನಿಗದಿಯಾಗಿರುತ್ತೆ. ಮೀರಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದ್ರೆ ಇಡೀ ಬಿಲ್ಲು ನಿಮ್ಮದೇ. ಕಳೆದ ಬಿಲ್ಲಿನ ರೀಡಿಂಗ್ ಅನ್ನ ಇವತ್ತಿನದರಿಂದ ಕಳೆದ್ರೆ ಈವರೆಗೆ ಸುಟ್ಟದ್ದು ಗೊತ್ತಾಗುತ್ತೆ. ನಿಮ್ಮ ಮಿತಿ 60 ಅಂದ್ಕೊಳ್ಳಿ, ಬಿಲ್ಲು ಬಂದ 15ನೇ ದಿನಕ್ಕೇ 38 ಆಗಿದ್ರೆ ತಿಂಗಳಿಗೆ 76 ಆಗೋ ಅಂದಾಜು. ಗೀಸರ್ ಆರಿಸು ಅಂತ ಮಗು ನಿಮಗೇ ಹೇಳುತ್ತೆ, ತಯಾರಾಗಿರಿ.

ಅಂಗಡಿಯಲ್ಲೂ ಹಾಗೇ. ಬಿಸ್ಕತ್ತಿನ 5 ರೂಪಾಯಿ ಪೊಟ್ಟಣದ ಬೆಲೆ ಐದೇ ಇರುತ್ತೆ, ಗ್ರಾಂ ಇಳೀತಾ ಬರುತ್ತೆ. ಪೊಟ್ಟಣದ ಮೇಲೆ ಎಂಆರ್‌ಪಿ ಹತ್ತಿರ ಗ್ರಾಂಗೆ ಎಷ್ಟು ಬೀಳುತ್ತೆ ಅಂತಲೂ ಸಣ್ಣ ಅಕ್ಷರದಲ್ಲಿ ಮುದ್ರಿಸಿರ್ತಾರೆ. ಎರಡು ಪೊಟ್ಟಣ ಕೈಗೆ ಕೊಟ್ಟು ಯಾವುದು ಅಗ್ಗ ಅಂತ ಕೇಳಿ. ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗ ಅಲ್ಲ ಅನ್ನೋದನ್ನ ಅದು ತಾನೇ ಕಂಡುಹಿಡಿಯುತ್ತೆ.

ಐದನೇ ತರಗತಿ ಹೊತ್ತಿಗೆ ಬಡ್ಡಿ ಮಾತು ಕಿವಿಗೆ ಹಾಕಿ. ನಮ್ಮ ಊರುಗಳಲ್ಲಿ "ಎರಡು ರೂಪಾಯಿ ಬಡ್ಡಿ" ಅಂದ್ರೆ ನೂರಕ್ಕೆ ತಿಂಗಳಿಗೆ ಎರಡು. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ. 10,000ಕ್ಕೆ ತಿಂಗಳಿಗೆ 200, ವರ್ಷಕ್ಕೆ 2,400, ಅಂದ್ರೆ ಶೇಕಡಾ 24. ಬ್ಯಾಂಕಿನವರು ಶೇಕಡಾ 9 ಅಂದ್ರೆ ಅದು ವರ್ಷಕ್ಕೆ. ಎರಡಕ್ಕಿಂತ ಒಂಬತ್ತು ಜಾಸ್ತಿ ಅಂತ ಮೋಸಹೋಗೋರು ದೊಡ್ಡವರಲ್ಲೂ ಇದ್ದಾರೆ. ಅಮ್ಮನ ಸ್ತ್ರೀಶಕ್ತಿ ಸಂಘದ ಪುಸ್ತಕ ಮನೆಯಲ್ಲಿದ್ರೆ ಅದೇ ಪಠ್ಯ: ಈ ವಾರದ ಉಳಿತಾಯ ಎಷ್ಟು, ಸಾಲದ ಕಂತಿನಲ್ಲಿ ಅಸಲಿಗೆ ಎಷ್ಟು, ಬಡ್ಡಿಗೆ ಎಷ್ಟು.

ಕಷ್ಟ ಇದ್ದಾಗ ಮಗುವಿಗೆ ಹೇಳಬೇಕಾ? ಹೇಳಿ. ಏನು ಬದಲಾಗುತ್ತೆ ಅನ್ನೋದನ್ನ ಮಾತ್ರ: "ಎರಡು ತಿಂಗಳು ಹೋಟೆಲ್ ಇಲ್ಲ, ಸ್ಕೂಲ್ ಫೀಸ್ ಕಟ್ಟಿ ಆಗಿದೆ." ಯಾರ ಹತ್ತಿರ ಎಷ್ಟು ಸಾಲ, ಯಾರು ಏನಂದ್ರು ಅನ್ನೋದು ದೊಡ್ಡವರ ನಡುವೆ ಇರಲಿ. ಕಂತಿನವರು ಬಂದಾಗ "ಅಪ್ಪ ಮನೇಲಿಲ್ಲ" ಅನ್ನೋಕೆ ಮಗುವನ್ನ ಬಾಗಿಲಿಗೆ ಕಳಿಸಬೇಡಿ. ಮಗುವನ್ನ ಉದ್ರಿ ತರೋಕೂ ಕಳಿಸಬೇಡಿ. ಚಿಕ್ಕ ಮಗು ಬಂದು ನಿಂತ್ರೆ ಅಂಗಡಿಯವರು ಇಲ್ಲ ಅನ್ನಲ್ಲ ಅಂತಲೇ ನಾವು ಕಳಿಸೋದು. ಆದ್ರೆ ನಾಲ್ಕು ಜನರ ಎದುರು "ಹಳೇದು ಯಾವಾಗ ಕೊಡ್ತಾರಂತೆ?" ಅಂತ ಕೇಳಿಸಿಕೊಳ್ಳೋದು ಆ ಮಗು. ಉದ್ರಿ ಕೇಳೋಕೆ ನೀವೇ ಹೋಗಿ, ತೀರಿಸೋ ದಿನ ಮಗುವಿನ ಕೈಯಲ್ಲಿ ದುಡ್ಡು ಕೊಟ್ಟು ಕಳಿಸಿ. ಎಣಿಸಿ ಕೊಡು, ಅಂಗಡಿಯವರು ಪುಸ್ತಕದಲ್ಲಿ ನಮ್ಮ ಹೆಸರಿನ ಸಾಲಿಗೆ ಗೀಟು ಹಾಕೋವರೆಗೂ ಅಲ್ಲೇ ನಿಂತಿರು ಅಂತ ಹೇಳಿ.