ಮೊದಲು ಡ್ರೈ, ಕೊನೆಗೆ ಸಿಹಿ

ಕೇಳುಗರೆಲ್ಲರಿಗೂ, ಅದರಲ್ಲೂ ಕೊಪ್ಪಳ ಜಿಲ್ಲೆಯ ದ್ರಾಕ್ಷಿ ಬೆಳೆಗಾರ ಬಂಧುಗಳಿಗೆ ನಮಸ್ಕಾರ. ವೈನ್ ತಳಿ ಹಾಕಬೇಕೆಂದಿದ್ದೇವೆ, ಹೇಗೆ ಎಂದು ಕೇಳಿಕೊಂಡು ಬರುವವರಿಗೆ ನಾನು ಸಸಿಯ ಮಾತಿಗಿಂತ ಮೊದಲು ರುಚಿಯ ಮಾತು ಹೇಳುತ್ತೇನೆ. ತಾವು ಬೆಳೆಯುವ ಹಣ್ಣು ಕೊನೆಗೆ ಯಾವ ರುಚಿಯಾಗಿ ಬಾಟಲಿ ಸೇರುತ್ತದೆಂದು ತಿಳಿಯಬೇಕಾದರೆ ಬೇರೆ ಬೇರೆ ವೈನ್‌ಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಕು. ಹೋಲಿಸುವಾಗ ಡ್ರೈ ಮೊದಲು ಬರಬೇಕು, ಸಿಹಿ ಕೊನೆಗೆ ಬರಬೇಕು.

ಡ್ರೈ ಎಂದರೆ ಸಕ್ಕರೆ ಉಳಿಯದ ವೈನ್. ದ್ರಾಕ್ಷಿ ರಸದ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರ ಸಿಗುತ್ತದೆ. 24 ಬ್ರಿಕ್ಸ್‌ಗೆ, ಅಂದರೆ ರಸದ ತೂಕದಲ್ಲಿ ಸುಮಾರು ಶೇಕಡಾ 24ರಷ್ಟು ಸಕ್ಕರೆ ಇರುವಾಗ, ಕೊಯ್ದ ಹಣ್ಣು ಪೂರ್ತಿ ಹುದುಗಿದರೆ ಅದು ಶೇಕಡಾ 13ರಿಂದ 14ರವರೆಗೆ ಹೋಗುತ್ತದೆ. ಲೀಟರಿಗೆ 4 ಗ್ರಾಂಗಿಂತ ಕಡಿಮೆ ಸಕ್ಕರೆ ಉಳಿದರೆ ಡ್ರೈ, 45 ಗ್ರಾಂ ದಾಟಿದರೆ ಸಿಹಿ ಎಂದು ಯುರೋಪಿನ ಲೆಕ್ಕ. ಪೋರ್ಟ್ ಎಂಬ ಸಿಹಿ ವೈನ್ ಮಾಡುವವರು ಹುದುಗು ಅರ್ಧಕ್ಕೆ ಬಂದಾಗಲೇ ದ್ರಾಕ್ಷಿಯ ಸಾರಾಯಿ ಸುರಿದು ಯೀಸ್ಟನ್ನು ನಿಲ್ಲಿಸುತ್ತಾರೆ. ಆದ್ದರಿಂದಲೇ ಅದರಲ್ಲಿ ಸಿಹಿಯೂ ಉಳಿಯುತ್ತದೆ, ಮದ್ಯಸಾರವೂ ಏರುತ್ತದೆ.

ಕೆಲವು ವರ್ಷಗಳ ಹಿಂದೆ ಕುಷ್ಟಗಿ ಕಡೆ ಬೆಳೆಗಾರರಿಗಾಗಿ ಒಂದು ತರಬೇತಿ ನಡೆಸಿದ್ದೆ. ಮೂರು ಬಾಟಲಿಗಳಿದ್ದವು. ಸೊವಿನ್ಯೊ ಬ್ಲಾಂಕ್ ಎಂಬ ಡ್ರೈ ಬಿಳಿ ವೈನ್, ಕ್ಯಾಬರ್ನೆ ಸೊವಿನ್ಯೊ ಎಂಬ ಡ್ರೈ ಕೆಂಪು ವೈನ್, ಜೊತೆಗೊಂದು ಪೋರ್ಟ್ ಬಗೆಯ ಸಿಹಿ ವೈನ್. ಜನರಿಗೆ ಸಿಹಿ ಇಷ್ಟವಾದೀತೆಂದು ಸಹಾಯಕ ಹುಡುಗ ಸಿಹಿಯನ್ನೇ ಮೊದಲು ಹಂಚಿಬಿಟ್ಟ, ನಾನೂ ತಡೆಯಲಿಲ್ಲ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಕ್ಯಾಬರ್ನೆ ಕೊಟ್ಟೆವು. ಮುಂದಿನ ಸಾಲಿನಲ್ಲಿ ಪಟಗ ಸುತ್ತಿಕೊಂಡು ಕುಳಿತಿದ್ದ ಹಿರಿಯರೊಬ್ಬರು ಒಂದು ಗುಟುಕು ತೆಗೆದುಕೊಂಡು, ಲೋಟವನ್ನು ತೋಳುದ್ದ ದೂರ ಹಿಡಿದು, "ಸರ, ಇದು ಕೆಟ್ಟೈತ್ರಿ, ಹುಳಿ ಹೊಡಿಯಾಕ ಹತ್ತೈತಿ" ಎಂದರು. ಉಳಿದವರೆಲ್ಲ ಹೌದೆಂದರು. ನಾನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಅಂದು ರಾತ್ರಿ ಬಾಟಲಿಗಳಿಗೆ ಬಿರಟೆ ಬಿಗಿದು ಫ್ರಿಜ್ಜಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಯಾವುದು ಏನೆಂದು ಹೇಳದೆ ಅವನ್ನೇ ತಿರುಗುಮುರುಗು ಮಾಡಿ ಹಂಚಿಸಿದೆ. ಡ್ರೈ ಬಿಳಿ ಆಯಿತು, ಡ್ರೈ ಕೆಂಪು ಬಂತು. ಅದೇ ಹಿರಿಯರು ಬಾಯಲ್ಲಿ ವೈನನ್ನು ಆಡಿಸಿ, ನಾಲಿಗೆಯನ್ನು ಅಂಗುಳಿಗೆ ತಾಗಿಸಿ ನೋಡಿ, "ನ್ಯಾರಳಿ ಹಣ್ಣ ತಿಂದಂಗ ಆತಲ್ರಿ, ನಾಲಿಗಿ ಒಗರ ಹಿಡಿತು. ಚಲೋ ಐತಿ, ಇದ್ಯಾವುದ್ರಿ?" ಎಂದು ಕೇಳಿದರು. ನಿನ್ನೆ ಕೆಟ್ಟಿದೆ ಎಂದಿರಲ್ಲ, ಅದೇ ಯಜಮಾನರೇ, ಎಂದೆ.

ವೈನ್ ಬದಲಾಗಿರಲಿಲ್ಲ, ಕ್ರಮ ಬದಲಾಗಿತ್ತು. ಜಿಲೇಬಿ ತಿಂದು ಚಹಾ ಕುಡಿದರೆ ಚಹಾಕ್ಕೆ ಸಕ್ಕರೆಯೇ ಹಾಕಿಲ್ಲವೆನಿಸುತ್ತದೆ. ದ್ರಾಕ್ಷಿಯ ಹುಳಿಯಲ್ಲಿ ಮುಖ್ಯವಾದದ್ದು ಟಾರ್ಟಾರಿಕ್ ಆಮ್ಲ, ನಮ್ಮ ಹುಣಸೆಯಲ್ಲಿರುವುದೂ ಅದೇ. ಒಗರು ಬರುವುದು ಸಿಪ್ಪೆ ಮತ್ತು ಬೀಜದ ಟ್ಯಾನಿನ್‌ನಿಂದ. ಹುಣಸೆಗೆ ಬೆಲ್ಲ ಬಿದ್ದಂತೆ ಸಕ್ಕರೆ ಇವೆರಡನ್ನೂ ಮುಚ್ಚಿಬಿಡುತ್ತದೆ, ಆ ಮುಸುಕು ಸರಿದ ಕೂಡಲೇ ಒಳ್ಳೆಯ ಡ್ರೈ ವೈನ್ ಕೂಡ ಬರಿ ಹುಳಿಯಾಗಿ ಕಾಣುತ್ತದೆ. ಸಿಹಿ ಇಲ್ಲದ್ದೆಲ್ಲ ಕೆಟ್ಟದ್ದು ಎಂಬ ತೀರ್ಪನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ದಯವಿಟ್ಟು ಡ್ರೈ ಮೊದಲು, ಸಿಹಿ ಕೊನೆಗೆ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಹೊರಗಿಟ್ಟ ವೈನಿನಿಂದ ಮದ್ಯಸಾರದ ಘಾಟು ಮಾತ್ರ ಏಳುತ್ತದೆ. ಬಿಳಿಯದನ್ನು 8ರಿಂದ 12, ಕೆಂಪನ್ನು 16ರಿಂದ 18 ಡಿಗ್ರಿಯಲ್ಲಿ ನೋಡಬೇಕು. ಒಂದು ಗುಟುಕು ಸಾಕು, ಅದನ್ನೂ ನುಂಗದೆ ಪೀಕದಾನಿಗೆ ಉಗುಳಬೇಕು. ನಡುನಡುವೆ ನೀರು ಕುಡಿದು, ಖಡಕ್ ರೊಟ್ಟಿಯ ಒಂದು ಚೂರು ಅಗಿದರೆ ಬಾಯಿ ಚೊಕ್ಕಟವಾಗುತ್ತದೆ. ಹಣ್ಣಿನ ಪರಿಮಳವಿದ್ದರೆ ಸಿಹಿಯೂ ಇದೆಯೆಂದು ಮೂಗು ನಂಬಿಸುತ್ತದೆ. ಮೂಗು ಹಿಡಿದು ಒಮ್ಮೆ ರುಚಿ ನೋಡಿದರೆ ಸಕ್ಕರೆ ನಿಜವಾಗಿ ಎಷ್ಟಿದೆ ಎಂಬುದು ನಾಲಿಗೆಗೆ ತಿಳಿಯುತ್ತದೆ.

ವೈನ್ ಮುಟ್ಟದವರು ಇಂದು ಸಂಜೆ ಮೂರು ಲೋಟ ನಿಂಬೆ ಶರಬತ್ತು ಮಾಡಿ, ನಿಂಬೆರಸ ಒಂದೇ ಅಳತೆಯಲ್ಲಿರಲಿ, ಸಕ್ಕರೆ ಮಾತ್ರ ಒಂದಕ್ಕೆ ಚಿಟಿಕೆ, ಇನ್ನೊಂದಕ್ಕೆ ಒಂದು ಚಮಚ, ಮತ್ತೊಂದಕ್ಕೆ ಮೂರು ಚಮಚ ಹಾಕಿರಿ. ಮೊದಲು ಸಿಹಿಯಿಂದ ಹುಳಿಗೆ ಬನ್ನಿ. ಬಾಯಿ ತೊಳೆದು, ಸ್ವಲ್ಪ ಹೊತ್ತು ಬಿಟ್ಟು, ಹುಳಿಯಿಂದ ಸಿಹಿಗೆ ಹೋಗಿ. ನಮಸ್ಕಾರ.