ಕಾಯಿಲೆ ಬಾರದವರನ್ನೂ ವಿಚಾರಿಸಿ

ಕೇಳುಗರಿಗೆ ನಮಸ್ಕಾರ. ನರ್ಸಿಂಗ್, ಮೆಡಿಕಲ್, ಹೆಲ್ತ್ ಇನ್ಸ್‌ಪೆಕ್ಟರ್ ಕೋರ್ಸುಗಳಿಗೆ ಹೊಸದಾಗಿ ಸೇರಿದ ಮಕ್ಕಳಿಗಾಗಿ ಇವತ್ತಿನ ಮಾತು. ವಿಷಯ ಎಪಿಡೆಮಿಯಾಲಜಿ. ಡಾಕ್ಟರು ಎದುರಿಗೆ ಕೂತ ಒಬ್ಬ ರೋಗಿಯನ್ನು ನೋಡುತ್ತಾರೆ. ಈ ಶಾಸ್ತ್ರ ಇಡೀ ಊರನ್ನು ನೋಡುತ್ತದೆ. ಕಾಯಿಲೆ ಯಾರಿಗೆ ಬಂತು, ಎಲ್ಲಿ ಬಂತು, ಯಾವಾಗ ಬಂತು, ಅವರಿಗೇ ಯಾಕೆ ಬಂತು ಅಂತ ಕೇಳುತ್ತದೆ.

ನಮ್ಮ ಮಲೆನಾಡಿನದೇ ಒಂದು ಸಂಗತಿ ಹೇಳುತ್ತೇನೆ. 1957ನೇ ಇಸವಿ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ. ವಿಪರೀತ ತಲೆನೋವು, ಮೈಕೈ ನೋವು, ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ. ಮೊದಲು ಟೈಫಾಯ್ಡ್ ಇರಬಹುದು ಅಂದುಕೊಂಡರು. ಮಂಗಗಳ ಸುದ್ದಿ ಕೇಳಿದ ಮೇಲೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಬೇರೆಯೇ ಚಿಂತೆ ಹತ್ತಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದರೆ ಮಂಗಗಳು ಸಾಯುತ್ತವೆ. ಅದನ್ನು ಊರುಗಳಲ್ಲಿ ಹರಡುವ ಜಾತಿಯ ಸೊಳ್ಳೆ ನಮ್ಮಲ್ಲೂ ಬೇಕಾದಷ್ಟಿದೆ. ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತಾ?

ಇಲ್ಲ. ಮಲಗಿದವರಲ್ಲಿ ಜಾಸ್ತಿ ಜನ ಕಾಡಿಗೆ ಹೋಗಿಬರುವವರು. ಸೌದೆ ತರುವವರು, ಕೊಟ್ಟಿಗೆಗೆ ದರಗು, ಅಂದರೆ ಒಣಗಿ ಉದುರಿದ ಎಲೆ, ಗುಡಿಸುವವರು, ದನ ಮೇಯಿಸುವವರು. ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುತ್ತಿರಲಿಲ್ಲ. ಅಂದರೆ ಹುಡುಕಬೇಕಾದದ್ದು ಕಾಡಿನಲ್ಲೇ. ರೋಗಿಗಳ ರಕ್ತದಲ್ಲಿ, ಸತ್ತ ಮಂಗಗಳಲ್ಲಿ ಸಿಕ್ಕಿದ್ದು ಅಲ್ಲಿಯವರೆಗೆ ಯಾರೂ ಕಾಣದ ವೈರಸ್. ರಷ್ಯಾದಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರದ ವೈರಸ್‌ಗೆ ಅದು ಹತ್ತಿರದ ಸಂಬಂಧಿ. ಇಲ್ಲೂ ಹರಡುತ್ತಿದ್ದದ್ದು ಉಣುಗೇ. ಜನ ಅದಕ್ಕೆ ಮಂಗನ ಕಾಯಿಲೆ ಅಂದರು.

ಈಗ ಕಾಲದ ಪ್ರಶ್ನೆ ನೋಡಿ. ಈ ಕಾಯಿಲೆ ಡಿಸೆಂಬರ್‌ನಿಂದ ಮೇ ತನಕ ಹೆಚ್ಚು, ಮಳೆ ಹಿಡಿದರೆ ಇಳಿಯುತ್ತದೆ. ಕಾರಣ ಉಣುಗಿನ ಬೆಳವಣಿಗೆಯಲ್ಲಿದೆ. ಮನುಷ್ಯರನ್ನು ಮುಖ್ಯವಾಗಿ ಕಚ್ಚುವುದು ಅದರ ಮರಿ ಹಂತ. ಸಾಸಿವೆ ಕಾಳಿನಷ್ಟೂ ಇಲ್ಲದ ಆ ಮರಿಗಳು ದರಗಿನಲ್ಲಿ ತುಂಬಿರುವುದು ಒಣ ತಿಂಗಳುಗಳಲ್ಲಿ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರುತ್ತವೆ. ಆ ಜಾಗ ಅಪಾಯ. ಹಾಗಾಗಿಯೇ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆಸ್ಪತ್ರೆಗೆ ತಿಳಿಸಿ ಅಂತ ಆರೋಗ್ಯ ಇಲಾಖೆ ಹೇಳುವುದು. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಉಣುಗನ್ನು ದೂರ ಇಡುವ ಡೆಪಾ ಎಣ್ಣೆ ಕೊಡುವುದೂ ಇದಕ್ಕೇ.

ಇದಕ್ಕೂ ನೂರು ವರ್ಷ ಹಿಂದೆ, 1854ರಲ್ಲಿ, ಲಂಡನ್ನಿನಲ್ಲಿ ಕಾಲರಾ. ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ಆಗಿನ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನಿಗೆ ನೀರಿನ ಮೇಲೆ ಅನುಮಾನ. ಜನ ಆ ನೀರು ಕುಡಿಯದಿರಲಿ ಅಂತ ಬ್ರಾಡ್ ಸ್ಟ್ರೀಟಿನ ಕೈಪಂಪಿನ ಹಿಡಿ ತೆಗೆಸಿದ ಕಥೆ ನೀವು ಕೇಳಿರುತ್ತೀರಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವನು ಕಾಯಿಲೆ ಬಾರದವರನ್ನೂ ವಿಚಾರಿಸಿದ್ದು. ಆ ಬೀದಿ ಪಕ್ಕದ ಬಡವರ ಆಶ್ರಮದಲ್ಲಿ 535 ಜನರಿದ್ದರು, ಕಾಲರಾದಿಂದ ಸತ್ತವರು ಐದೇ ಜನ. ಅವರಿಗೆ ಸ್ವಂತ ಬಾವಿ ಇತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಆಳುಗಳು ಆ ಪಂಪಿನ ನೀರನ್ನೇ ಕುಡಿಯುತ್ತಿರಲಿಲ್ಲ. ಅವರಲ್ಲಿ ಯಾರೂ ಸಾಯಲಿಲ್ಲ.

ಅವನ ಇನ್ನೊಂದು ಲೆಕ್ಕ ಇನ್ನೂ ಗಟ್ಟಿ. ದಕ್ಷಿಣ ಲಂಡನ್ನಿನ ಒಂದೇ ಬೀದಿಗಳಿಗೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಥೇಮ್ಸ್ ನದಿಯ ಕೊಳಚೆ ಸೇರುವ ಭಾಗದಿಂದ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲೇ ಮೇಲ್ಭಾಗಕ್ಕೆ ಹೋಗಿತ್ತು. ಸ್ನೋ ಸುಮ್ನೆ ಸಾವು ಎಣಿಸಲಿಲ್ಲ, ಮನೆಗಳ ಸಂಖ್ಯೆಯಿಂದ ಭಾಗಿಸಿದ. ಮೊದಲ ಕಂಪನಿಯಲ್ಲಿ 10,000 ಮನೆಗಳಿಗೆ 315 ಸಾವು, ಎರಡನೆಯದರಲ್ಲಿ 37. ಬೀದಿ ಅದೇ, ಗಾಳಿ ಅದೇ, ಬೇರೆಯಾಗಿದ್ದದ್ದು ನೀರು. ಕಾಲರಾದ ರೋಗಾಣು ಆಗಿನ್ನೂ ವೈದ್ಯಲೋಕಕ್ಕೆ ಗೊತ್ತೇ ಇರಲಿಲ್ಲ ಅನ್ನುವುದನ್ನು ನೆನಪಿಡಿ.

ಹೀಗೆ ಭಾಗಿಸಿ ಬಂದದ್ದನ್ನೇ ದರ ಅನ್ನುತ್ತೇವೆ. ಪೆನ್ನು ತಗೊಳ್ಳಿ. 4,000 ಜನರಿರುವ ಊರಿನಲ್ಲಿ 40 ಜನಕ್ಕೆ ಜ್ವರ, 200 ಜನರಿರುವ ಊರಿನಲ್ಲಿ 12 ಜನಕ್ಕೆ ಜ್ವರ ಅಂತ ಇಟ್ಟುಕೊಳ್ಳಿ. ಸುದ್ದಿಯಾಗುವುದು 40. ಆದರೆ ಮೊದಲ ಊರಿನಲ್ಲಿ ಸಾವಿರಕ್ಕೆ 10, ಎರಡನೆಯದರಲ್ಲಿ ಸಾವಿರಕ್ಕೆ 60. ಜೀಪು ಮೊದಲು ಹೋಗಬೇಕಾದದ್ದು ಚಿಕ್ಕ ಊರಿಗೆ, ಅಲ್ವಾ? ಇನ್ನೊಂದು ದರವಿದೆ, ಇದರ ಜೊತೆ ಕಲಸಬೇಡಿ. ಕಾಯಿಲೆ ಬಂದವರಲ್ಲಿ ಎಷ್ಟು ಜನ ಸತ್ತರು ಅನ್ನುವುದು. ಮಂಗನ ಕಾಯಿಲೆಯಲ್ಲಿ ಅದು ನೂರಕ್ಕೆ ಸುಮಾರು 3ರಿಂದ 5. ಇಲ್ಲಿ ಭಾಗಿಸುವುದು ಊರಿನ ಜನಸಂಖ್ಯೆಯಿಂದ ಅಲ್ಲ, ರೋಗಿಗಳ ಸಂಖ್ಯೆಯಿಂದ.

ನೀವು ಮೊದಲ ಸಲ ಫೀಲ್ಡಿಗೆ ಹೋದಾಗ ಜ್ವರದವರ ಪಟ್ಟಿ ಬೇಗ ಸಿಕ್ಕಿಬಿಡುತ್ತದೆ. ಅದನ್ನು ಹಿಡಿದು ವಾಪಸ್ ಬರಬೇಡಿ. ಆಶಾ ಕಾರ್ಯಕರ್ತೆಯ ಹತ್ತಿರ, ಅಂಗನವಾಡಿಯಲ್ಲಿ ಮನೆಮನೆ ಸರ್ವೆಯ ಪುಸ್ತಕ ಇರುತ್ತದೆ. ಆ ಅಕ್ಕನ ಪಕ್ಕ ಕೂತು ಊರಲ್ಲಿ ಒಟ್ಟು ಎಷ್ಟು ಜನ ಅಂತ ಬರೆದುಕೊಳ್ಳಿ. ಆಮೇಲೆ ಜ್ವರ ಬಂದ ಮನೆಯ ಪಕ್ಕದ ಮನೆಗೂ ಹೋಗಿ, ಇವರಿಗೆ ಕೇಳಿದ ಪ್ರಶ್ನೆಗಳನ್ನೇ ಅವರಿಗೂ ಕೇಳಿ. ನಮಸ್ಕಾರ.